ಖಾನಾವಳಿಯಲ್ಲಿ ಮೂರು ತಾಟು

ಪರದೇಶಕ್ಕೆ ಹೋಗಬೇಕಾದರೆ ವಿಮಾನ ಹತ್ತಬೇಕು ಎನ್ನುವವರು ನಂಜನಗೂಡಿನಿಂದ ನವಲಗುಂದಕ್ಕೆ ವರ್ಗವಾಗಿ ಹೋದವರಲ್ಲ. ಎಂಬತ್ತರ ದಶಕದಲ್ಲಿ ನಾನು ಸರಕಾರದ ಕೃಪೆಯಿಂದ ಹೆಂಡತಿ ಸರಳಾ, ಐದು ವರ್ಷದ ಗಿರಿಜಾ, ಇನ್ನೂ ಮಾತು ಕಲಿಯುತ್ತಿದ್ದ ಪುಟ್ಟು ಸಮೇತ ರೈಲು, ಬಸ್ಸು ಬದಲಿಸಿ ಆ ಪರದೇಶ ತಲುಪಿದೆ. ಭಾಷೆ ಕನ್ನಡವೇ. ಆದರೆ ಅಲ್ಲಿಯವರು ಆಡಿದ್ದು ನನಗೆ ಅರ್ಥವಾಗುವ ಹೊತ್ತಿಗೆ ಅವರು ಮನೆ ಸೇರಿರುತ್ತಿದ್ದರು. ಮಳೆ ಬಂದರೆ ಅಲ್ಲಿಯ ಕರಿಮಣ್ಣು ಚಪ್ಪಲಿಯನ್ನು ತಾನಿಟ್ಟುಕೊಂಡು ಕಾಲನ್ನು ಮಾತ್ರ ಹಿಂದಿರುಗಿಸುತ್ತಿತ್ತು.

ನಾವು ಅಲ್ಲಿಗೆ ಹೋದ ವರ್ಷವೇ ಸರಳಾಳ ಹೊಟ್ಟೆಯಲ್ಲಿ ಗಡ್ಡೆ ಇದೆಯೆಂದು ತಿಳಿಯಿತು. ಹುಬ್ಬಳ್ಳಿಯ ಆಸ್ಪತ್ರೆಗೆ ಸೇರಿಸಿದೆ. ಊರಿನಿಂದ ಅವಳ ಅಕ್ಕ ಬಂದು ಜೊತೆಗೆ ನಿಂತರು. ಆಪರೇಷನ್ ಮಾಡದೆ ಏನೂ ಹೇಳುವಂತಿಲ್ಲ ಎಂದರು ಡಾಕ್ಟರು. ಆಮೇಲಾದರೂ ಹೇಳುವಂತಿರುತ್ತದೆ ಎಂದು ಅವರು ಹೇಳಲಿಲ್ಲ. ಮನೆಯ ಕಷ್ಟ ಹೊಸ್ತಿಲು ದಾಟಬಾರದು ಎಂದು ನಂಬಿದ ವಂಶ ನಮ್ಮದು. ಜೊತೆಗೆ ಆ ಗಡ್ಡೆ ಎಂಬ ಶಬ್ದವೇ ನನ್ನ ಗಂಟಲು ದಾಟುತ್ತಿರಲಿಲ್ಲ. ಓಣಿಯವರು ಕೇಳಿದರೆ, ತವರಿಗೆ ಹೋಗಿದ್ದಾಳೆ ಎಂದುಬಿಟ್ಟೆ. ಒಂದು ದಿನ ನಾನೇ ಸಾರು ಮಾಡಿದೆ. ಗಿರಿಜಾ ಒಂದು ತುತ್ತು ಬಾಯಿಗಿಟ್ಟು, ಬಹಳ ಮರ್ಯಾದೆಯಿಂದ, ಅಮ್ಮ ಯಾವಾಗ ಬರುತ್ತಾಳೆ ಎಂದು ಕೇಳಿದಳು. ಅಂದೇ ಸಂಜೆ ಪಾರ್ವತೆವ್ವ ಎಂಬಾಕೆ ನಡೆಸುತ್ತಿದ್ದ ಖಾನಾವಳಿಗೆ ಹೊರಟೆವು.

ಚಿಕ್ಕ ಮಕ್ಕಳೊಂದಿಗೆ ಖಾನಾವಳಿಯಲ್ಲಿ ಉಣ್ಣುವುದು ಊಟವಲ್ಲ, ಶಿಕ್ಷೆ. ನಮ್ಮ ಕಡೆ ಅನ್ನವೇ ಊಟ. ಅಲ್ಲಿ ರೊಟ್ಟಿ, ಪಲ್ಯ, ಚಟ್ನಿ, ಮತ್ತೆ ರೊಟ್ಟಿ, ಎಲ್ಲ ಮುಗಿದು ಜನ ಕೈ ತೊಳೆಯುವ ಯೋಚನೆಯಲ್ಲಿರುವಾಗ ಅನ್ನ ಬರುತ್ತದೆ. ಅಷ್ಟು ಹೊತ್ತು ಪುಟ್ಟು ಅನ್ನ ಅನ್ನ ಎಂದು ಅಳುತ್ತಿದ್ದ. ಅನ್ನ ಬರುವಾಗ ನಿದ್ದೆ ಹೋಗಿರುತ್ತಿದ್ದ. ಒಮ್ಮೆ ಕೆಂಪು ಚಟ್ನಿಯ ಕೈಯಿಂದ ಕಣ್ಣು ಉಜ್ಜಿಕೊಂಡ. ಒಮ್ಮೆ ಪಕ್ಕದಲ್ಲಿ ಕುಳಿತಿದ್ದ ಬಸ್ ಕಂಡಕ್ಟರರ ಮೊಸರಿನಲ್ಲಿ ಮಣಿಕಟ್ಟಿನವರೆಗೆ ಕೈ ಅದ್ದಿದ. ನಾನು ಬೈಗುಳಕ್ಕೆ ತಲೆ ಬಗ್ಗಿಸಿ ಕುಳಿತರೆ, ಆ ಮನುಷ್ಯ ಬಟ್ಟಲನ್ನೇ ಅವನ ಮುಂದೆ ಸರಿಸಿ ಕಣ್ಣೊರೆಸಿಕೊಂಡರು. ಪಾರ್ವತೆವ್ವ ಬಿಸಿ ರೊಟ್ಟಿಯನ್ನು ಹಾಲಿನಲ್ಲಿ ಮುರಿದು ಮಕ್ಕಳಿಗೆ ಮೊದಲು ಕೊಡತೊಡಗಿದಳು. ನಾವು ಒಳಗೆ ಬಂದರೆ ಮಾತು ತಗ್ಗುತ್ತಿತ್ತು, ಒಳ್ಳೆಯ ಜಾಗ ಖಾಲಿಯಾಗುತ್ತಿತ್ತು. ನನ್ನಂಥ ಗುಮಾಸ್ತನಿಗೆ ಇಷ್ಟು ಗೌರವ ಕೊಡುವ ಊರು ಇನ್ನೊಂದಿಲ್ಲ ಎಂದು ನಾನು ಒಳಗೊಳಗೇ ಬೀಗಿದೆ.

ನಾಳೆ ಆಪರೇಷನ್ ಎನ್ನುವ ದಿನ, ಅಲ್ಲೇ ದಿನವೂ ಊಟಕ್ಕೆ ಬರುತ್ತಿದ್ದ ನಿವೃತ್ತ ಮಾಸ್ತರರೊಬ್ಬರು ನನ್ನ ಪಕ್ಕಕ್ಕೆ ಸರಿದು ಕುಳಿತರು. ನಮ್ಮ ಕೊರಳಲ್ಲೂ ಲಿಂಗ, ನಿಮ್ಮ ಕೊರಳಲ್ಲೂ ಲಿಂಗ ಎಂದು ಪೀಠಿಕೆ ಹಾಕಿ, ದನಿ ತಗ್ಗಿಸಿದರು.

“ನಮ್ಮ ತಂಗಿ ಮಗಳು ಒಬ್ಬಾಕಿ ಯರಗುಪ್ಪಿಯೊಳಗ ಅದಾಳ್ರಿ. ಗುಣಾ ಅಗದಿ ಬಂಗಾರ. ಈ ಕೂಸುಗಳ ಮಾರಿ ನೋಡಿ ಹೇಳಾಕತ್ತೇನಿ. ಹೆಣಮಕ್ಕಳಿಲ್ಲದ ಮನಿ ಎಷ್ಟ ದಿನಾ ನಡೀತೈತ್ರಿ?”

ಅರ್ಥವಾಗಲು ಎಂದಿನಂತೆ ತಡವಾಯಿತು. ಮಾಸ್ತರರು ನನಗೆ ಹೆಣ್ಣು ತೋರಿಸುತ್ತಿದ್ದಾರೆಂದು ತಿಳಿದಾಗ ಕೈಯಲ್ಲಿದ್ದ ತುತ್ತನ್ನು ತಾಟಿಗೆ ಹಾಕಿದೆ. ಗಿರಿಜಾ ತಿನ್ನುವುದನ್ನು ಬಿಟ್ಟು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಅವಳಿಗೋಸ್ಕರ ಗಟ್ಟಿಯಾಗಿ ಹೇಳಿದೆ: “ನನ್ನ ಹೆಂಡತಿ ಇದ್ದಾಳೆ. ಹೊಟ್ಟೇಲಿ ಗಡ್ಡೆ. ನಾಳೆ ಹುಬ್ಬಳ್ಳೀಲಿ ಆಪರೇಷನ್.” ಮಾಸ್ತರರು, ತಪ್ಪಾತ್ರಿ, ತಪ್ಪಾತ್ರಿ ಎನ್ನುತ್ತ ಕೈ ಮುಗಿದರು.

ಒಲೆಯ ಮುಂದಿನಿಂದ ಎದ್ದು ಬಂದ ಪಾರ್ವತೆವ್ವ ಮಾತ್ರ ಕೈ ಮುಗಿಯಲಿಲ್ಲ. “ಹೇಣ್ತಿ ತವರಿಗೆ ಹೋದ್ರ ಕೂಸುಗಳನ್ನ ಕರಕೊಂಡ ಹೋಗ್ತಾಳ್ರಿ. ದವಾಖಾನಿಯೊಳಗ ಇದ್ರ ಓಣಿ ಮಂದಿ ಬುತ್ತಿ ತಂದು ಕೊಡ್ತಾರ್ರಿ, ಕೂಸುಗಳನ್ನ ಖಾನಾವಳಿಗೆ ಬಿಡೂದಿಲ್ಲ. ಸತ್ರೂ ಒಂದಷ್ಟ ದಿನಾ ತರ್ತಾರ. ಅದೂ ಮುಗದ ಮ್ಯಾಲ ಬಂದೀರಿ ಅಂತ ನಾವು ತಿಳದ್ವಿ. ಹೇಳಾಕ ನಿಮಗ ಬಾಯಿ ಇದ್ದಿದ್ದಿಲ್ಲೇನ್ರಿ?”

ಇರಲಿಲ್ಲ ಎಂಬುದೇ ಸತ್ಯ. ನನ್ನ ಬಿಗುಮಾನದಿಂದ ನಾನು ಹೆಂಡತಿಯನ್ನು ಖಾನಾವಳಿಯವರ ಲೆಕ್ಕದಲ್ಲಿ ಆಗಲೇ ಮಣ್ಣು ಮಾಡಿದ್ದೆ. ಸುದ್ದಿ ನಮಗಿಂತ ಮೊದಲು ಓಣಿ ಮುಟ್ಟಿತು. ಬೆಳಗಾಗುವುದರೊಳಗೆ ಮನೆಮುಂದೆ ಬುತ್ತಿಯ ಗಂಟುಗಳು, ಗಂಟಿಗೊಂದರಂತೆ ಬೈಗುಳ. ಪಕ್ಕದ ಮನೆಯ ಅಜ್ಜಿ ಮಕ್ಕಳಿಬ್ಬರನ್ನೂ ಎತ್ತಿಕೊಂಡು ಹೋದಳು. ನಾನು ಮೊದಲ ಬಸ್ಸು ಹಿಡಿದೆ.

ಆಪರೇಷನ್ ಆಯಿತು. ಗಡ್ಡೆಯ ತುಣುಕನ್ನು ಪರೀಕ್ಷೆಗೆ ಕಳಿಸಿದ್ದೇವೆ, ಕಾಯಬೇಕು ಎಂದರು. ಸರಳಾಳಿಗೆ ಪೂರ್ತಿ ಎಚ್ಚರವಾದ ಮೇಲೆ, ನಗಲಿ ಎಂದು ಮಾಸ್ತರರ ಸಂಬಂಧದ ಕಥೆ ಹೇಳಿದೆ. ಅವಳು ನಗಲಿಲ್ಲ. “ಹುಡುಗಿ ಒಳ್ಳೇವಳಂತಾ? ಮಕ್ಕಳನ್ನ ನೋಡ್ಕೋತಾಳಾ?” ಎಂದು ಕೇಳಿದಳು. ತಮಾಷೆಗಲ್ಲ. ಇಂಥ ಹೊತ್ತಿನಲ್ಲಿ ಗಂಡಸಾದವನು ಧೈರ್ಯದ ಮಾತು ಹೇಳಬೇಕು. ನನಗೆ ಹೊಳೆದದ್ದು ಒಂದು ಸುಳ್ಳು.

“ಅವಳು ನನ್ನನ್ನ ಬಾಗಿಲ ಸಂದಿಯಿಂದ ನೋಡಿದಳಂತೆ. ಒಲ್ಲೆ ಅಂದುಬಿಟ್ಟಳಂತೆ.”

ಸರಳಾ ಹೊಲಿಗೆಯ ಮೇಲೆ ಕೈ ಒತ್ತಿಕೊಂಡು, ನೋವಿನಿಂದ ಮುಖ ಹಿಂಡಿ, ಕಣ್ಣಲ್ಲಿ ನೀರು ಬರುವಂತೆ ನಕ್ಕಳು. “ಜಾಣೆ ಕಣ್ರೀ” ಎಂದಳು. ಪರೀಕ್ಷೆಯಲ್ಲಿ ಏನೂ ಇಲ್ಲವೆಂದು ಬಂದು, ನಾವು ಆ ಪರದೇಶ ಬಿಟ್ಟು, ಮಕ್ಕಳಿಗೆ ಮದುವೆಯಾದರೂ ಅವಳ ಅಭಿಪ್ರಾಯ ಬದಲಾಗಿಲ್ಲ. ನನ್ನ ಮೇಲೆ ಸಿಟ್ಟು ಬಂದಾಗಲೆಲ್ಲ, ಎಂದೂ ಕಾಣದ ಆ ಯರಗುಪ್ಪಿಯ ಹೆಣ್ಣುಮಗಳ ಬುದ್ಧಿಯನ್ನು ಇಂದಿಗೂ ಹೊಗಳುತ್ತಾಳೆ. ಆ ಹುಡುಗಿ ಹಾಗಂದೇ ಇಲ್ಲ ಎಂದು ಹೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.