ನಾಲ್ಕು ತಾಸಿನ ಸೇವೆ

ಶನಿವಾರ ಬೆಳಿಗ್ಗೆ ಪುಣೆಯ ಕೊಂಢವಾ ಬಡಾವಣೆಯ ವೃದ್ಧಾಶ್ರಮದಲ್ಲಿ ಹನ್ನೆರಡು ಮಂದಿ ಅಜ್ಜಿಯರಿಗೆ ಒಮ್ಮೆಲೇ ಕಣ್ಣು ಬಂದವು. ಕಣ್ಣು ಬಂದವು ಎಂದರೆ ದೃಷ್ಟಿ ಮರಳಿತೆಂದು ಯಾರೂ ಸಂತೋಷಪಡಬೇಕಾಗಿಲ್ಲ. ಕಣ್ಣು ಕೆಂಪಾಗಿ, ನೀರು ಸುರಿದು, ಹತ್ತಿರ ಬಂದವರಿಗೆಲ್ಲ ಅಂಟುವ ಬೇನೆ ಅದು. ಆಶ್ರಮದವರು ಗೇಟಿಗೆ ಬೀಗ ಹಾಕಿದರು. ಬೀಗದ ಹೊರಗೆ ಒಂಬತ್ತನೇ ತರಗತಿಯ ಪೂರ್ವಾ ಹಳದಿ ಕಾರ್ಡು ಹಿಡಿದು ನಿಂತಿದ್ದಳು.

ಪೂರ್ವಾ ಓದುವುದು ಸಿಸ್ಟರುಗಳು ನಡೆಸುವ ಕಾನ್ವೆಂಟಿನಲ್ಲಿ. ಅಲ್ಲಿ ಗಣಿತದಲ್ಲಿ ಮೂವತ್ತೈದು ಬಂದರೂ ಕ್ಷಮೆ ಉಂಟು, ಸಮಾಜಸೇವೆಯ ಮೂವತ್ತು ತಾಸಿನಲ್ಲಿ ಅರ್ಧ ತಾಸು ಕಡಿಮೆಯಾದರೆ ಇಲ್ಲ. ಸೇವೆ ಪಡೆದವರು ರಕ್ತಸಂಬಂಧಿ ಆಗಿರಬಾರದು. ಅವರು ತಮಗೆ ಬರುವ ಭಾಷೆಯಲ್ಲಿ, ತಮ್ಮ ಕೈಯಾರೆ ಆ ಹಳದಿ ಕಾರ್ಡಿನ ಮೇಲೆ ನಾಲ್ಕು ಮಾತು ಬರೆದು, ಸಹಿ ಹಾಕಿ, ಫೋನ್ ನಂಬರು ಕೊಡಬೇಕು. ಇದು ಮುಖ್ಯಸ್ಥೆ ಸಿಸ್ಟರ್ ಲವೀನಾ ಅವರ ಕಾನೂನು. ಪೂರ್ವಾಳದು ಇಪ್ಪತ್ತಾರು ತಾಸು ಮುಗಿದಿತ್ತು. ಉಳಿದ ನಾಲ್ಕು ಮುಗಿಸಿ ಸಂಜೆ ಆರರೊಳಗೆ ಕಾರ್ಡನ್ನು ಸಿಸ್ಟರ ಮೇಜಿನ ಮೇಲಿಡದಿದ್ದರೆ, ಮರುದಿನ ಇಂದಾಪುರದ ಥ್ರೋಬಾಲ್ ಪಂದ್ಯಕ್ಕೆ ಹೊರಡುವ ಬಸ್ಸಿನಲ್ಲಿ ಅವಳಿಗೆ ಜಾಗವಿಲ್ಲ. ಎರಡು ವರ್ಷ ಬೆಂಚಿನ ಮೇಲೆ ಕೂತು ಬೇರೆಯವರ ನೀರಿನ ಬಾಟಲಿ ಕಾದವಳು ಈಗಷ್ಟೇ ಏಳು ಮಂದಿಯಲ್ಲಿ ಒಬ್ಬಳಾಗಿದ್ದಳು.

ಮನೆಗೆ ಬಂದವಳೇ ಪೊರಕೆ ಎತ್ತಿಕೊಂಡಳು. "ಯಾರಿಗರ ಸೇವಾ ಮಾಡೇ ಬಿಡಾಕಿ ನಾ!"

"ಮನ್ಯಾಗ ಕುಡದ ಲೋಟ ಎತ್ತಿಡಂಗಿಲ್ಲ, ಮಂದಿ ಸೇವಾ ಮಾಡ್ತಾಳಂತ," ಎಂದಳು ತಾಯಿ ನೀಲಿಮಾ.

"ನೀ ರಕ್ತಸಂಬಂಧಿ, ಮಮ್ಮಿ. ನಡಿಯಂಗಿಲ್ಲ."

ಮೊದಲು ಕೆಳಗಿನ ಪಾರ್ಕಿಂಗ್ ಗುಡಿಸಲು ಹೋದಳು. ಮೂರು ಕಾರುಗಳ ಜಾಗ ಸ್ವಚ್ಛವಾಗುವಷ್ಟರಲ್ಲಿ ಸೊಸೈಟಿಯ ಸೆಕ್ರೆಟರಿ ಪಾನ್ಸೆ, ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ, ಎದುರು ಬಂದು ನಿಂತರು. ನಿವೃತ್ತರಾದ ಮೇಲೆ ಅವರಿಗೆ ಉಳಿದದ್ದು ಎರಡೇ ಆಸ್ತಿ: ಒಂದು ಮೊಬೈಲು, ಇನ್ನೊಂದು ಕಾನೂನಿನ ಭಯ.

"ಅಗ, ಹೇ ಕಾಯ! ಬಾಲಮಜೂರಿ? ಆಪಲ್ಯಾ ಸೊಸಾಯಟೀತ?" ನಮ್ಮ ಸೊಸೈಟಿಯಲ್ಲೇ ಬಾಲಕಾರ್ಮಿಕರೇ ಎಂದು ಮರಾಠಿಯಲ್ಲಿ ಕೂಗಿ ಫೋಟೋ ಹೊಡೆದರು. ಪಕ್ಕದ ಕಟ್ಟಡದ ಕೆಲಸದ ಜಾಗಕ್ಕೆ ಹೋದ ತಿಂಗಳಷ್ಟೇ ಬಾಲಕಾರ್ಮಿಕರನ್ನು ಹುಡುಕುತ್ತ ಅಧಿಕಾರಿಗಳು ಬಂದಿದ್ದರಂತೆ. ಇದು ಶಾಲೆಯ ಸೇವೆ ಎಂದು ಪೂರ್ವಾ ಮರಾಠಿಯಲ್ಲೂ ಇಂಗ್ಲಿಷಿನಲ್ಲೂ ಹೇಳಿದಳು. ಅವರು ಪೊರಕೆ ಕಸಿದುಕೊಂಡೇ ಹೋದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ.

ಪೂರ್ವಾಳಿಗೆ ಸಿಟ್ಟು ಬಂತು, ಛಲವೂ ಬಂತು. ನೇರವಾಗಿ ಮೂರನೇ ಮಹಡಿಗೆ ಹೋಗಿ ಗೋದಾಕಾಕುವಿನ ಬಾಗಿಲು ಬಡಿದಳು. ಕಾಕುವಿಗೆ ಎಪ್ಪತ್ತೆಂಟು ವರ್ಷ. ಧಾರವಾಡದವರು, ಮೊಣಕಾಲು ನೋವು, ಮಗ ಚಾಕಣದ ಫ್ಯಾಕ್ಟರಿಗೆ ಹೋದರೆ ದಿನವೆಲ್ಲ ಒಬ್ಬರೇ. ಸೇವೆಗೆ ಇದಕ್ಕಿಂತ ಒಳ್ಳೆಯ ಗಿರಾಕಿ ಇಡೀ ಪುಣೆಯಲ್ಲಿ ಸಿಗಲಾರರು.

"ಬಾ ಕೂಸ, ಕೂಡು. ಅವಲಕ್ಕಿ ಹಚ್ಚತೀನಿ."

"ಕಾಕು, ನಾ ಸೇವಾ ಮಾಡ್ಲಿಕ್ಕೆ ಬಂದೀನ್ರಿ. ಏನರ ಕೆಲಸಾ ಕೊಡ್ರಿ."

"ಅಯ್ಯ ರಾಮಾ! ಮನಿಗೆ ಬಂದ ಹೆಣ್ಣಮಗಳ ಕಡಿಂದ ಕೆಲಸಾ ಮಾಡಿಸ್ಲೇನು? ಧಾರವಾಡದಾಗ ಕೇಳಿದವರು ನಕ್ಕಾರು. ಕೂಡು ಅಂದ್ರ ಕೂಡು."

ಪೂರ್ವಾ ಕಸಬರಿಗೆ ಎತ್ತಿದರೆ ಕಾಕು ಕಸಿದುಕೊಂಡರು. ಅವಳು ಬಟ್ಟೆ ಮಡಚಲು ಹೋದರೆ ಬುಟ್ಟಿಯನ್ನೇ ಮಂಚದ ಕೆಳಗೆ ತಳ್ಳಿದರು. ಮೊಣಕಾಲಿನ ನೋವು ಎಲ್ಲಿ ಹೋಯಿತೋ, ಆ ಒಂದು ತಾಸಿನಲ್ಲಿ ಅವರು ವರ್ಷದಲ್ಲಿ ಓಡಾಡಿದ್ದಕ್ಕಿಂತ ಹೆಚ್ಚು ಓಡಾಡಿದರು. ಹನ್ನೊಂದು ಹೊಡೆಯುವ ಹೊತ್ತಿಗೆ ಪೂರ್ವಾಳ ಲೆಕ್ಕ ಹೀಗಿತ್ತು: ಅವಲಕ್ಕಿ ಒಂದು ತಟ್ಟೆ, ಶೇಂಗಾ ಉಂಡೆ ಎರಡು, ಚಹಾ ಒಂದು ಕಪ್ಪು, ಸೇವೆ ಸೊನ್ನೆ. ಅಷ್ಟರಲ್ಲೇ ಕಾಕು ಜೋಳದ ಭಕ್ಕರಿ ಬಡಿಯಲು ಕೂತರು.

ಆಗ ಪೂರ್ವಾ ಕೊನೆಯ ಅಸ್ತ್ರ ತೆಗೆದಳು. ತಾಟಿನ ಮುಂದೆ ಕೈಕಟ್ಟಿ ಕೂತು, "ಕೆಲಸಾ ಕೊಡೂತನಕ ನಾ ಉಣ್ಣಂಗಿಲ್ರಿ," ಎಂದಳು.

ಗೋದಾಕಾಕುವಿನ ಕೈಯಲ್ಲಿದ್ದ ಭಕ್ಕರಿ ಅಲ್ಲೇ ನಿಂತಿತು. ಅವರ ಮನೆಯ ಬದನೆಕಾಯಿ ಎಣಗಾಯಿಯ ಮುಂದೆ ಕೂತು ಒಬ್ಬರು ಉಣ್ಣುವುದಿಲ್ಲ ಎಂದದ್ದು ಅವರ ಆಯುಷ್ಯದಲ್ಲೇ ಇಲ್ಲ. ಎಣಗಾಯಿ ಆರತೊಡಗಿತು. ಕಾಕು ಸೋತರು.

"ಭಾಳ ಹಟಮಾರಿ ಇದ್ದೀ ನೋಡವಾ. ಆತು, ಅಟ್ಟದ ಮ್ಯಾಲೆ ನಮ್ಮತ್ತಿ ಕಾಲದ ಹಿತ್ತಾಳಿ ಭಾಂಡಿ ಅವ. ಅವನ್ನ ತಿಕ್ಕು. ಮೊದಲ ಉಣ್ಣು."

ಹನ್ನೆರಡರಿಂದ ನಾಲ್ಕರವರೆಗೆ ಪೂರ್ವಾ ತಿಕ್ಕಿದಳು. ತಂಬಿಗೆ, ಕೊಳಗ, ಪರಾತ, ಕೊನೆಗೆ ಅವಳೇ ಒಳಗೆ ಕೂರುವಷ್ಟು ದೊಡ್ಡ ಹಂಡೆ. ಹುಣಸೆಹಣ್ಣು ತಿಕ್ಕಿ ತಿಕ್ಕಿ ಕೈ ಕಾಗೆಯ ಬಣ್ಣಕ್ಕೆ ಬಂತು, ಭುಜ ನೋಯಿತು, ಎಡಗಾಲು ಜೋಮು ಹಿಡಿಯಿತು. ಇಪ್ಪತ್ತಾರು ತಾಸಿನಲ್ಲಿ ಅವಳು ಇಷ್ಟು ನಿಜವಾದ ಸೇವೆ ಎಂದೂ ಮಾಡಿರಲಿಲ್ಲ. ಆಶ್ರಮದಲ್ಲಿ ಬರಿ ಹಾಡು ಹೇಳಿ, ಬಿಸ್ಕಿಟು ಹಂಚಿ ಬರುತ್ತಿದ್ದಳು. ಹಂಡೆ ಹೊಳೆದಾಗ ಅವಳಿಗೆ ನಿಜಕ್ಕೂ ಹೆಮ್ಮೆಯಾಯಿತು. ಅದನ್ನು ಉರುಳಿಸಿಕೊಂಡು ಹೋಗಿ ಗ್ಯಾಲರಿಯ ಬಿಸಿಲಿಗೆ ಇಟ್ಟಳು. ಇಟ್ಟವಳು ಕೆಳಗೆ ನೋಡಲಿಲ್ಲ. ಕೆಳಗಿನಿಂದ ಪಾನ್ಸೆ ಮೇಲೆ ನೋಡುತ್ತಿದ್ದರು.

ಹತ್ತು ನಿಮಿಷದಲ್ಲಿ ಕರೆಗಂಟೆ ಕೇಳಿಸಿತು. ಪೂರ್ವಾ ಬಚ್ಚಲಲ್ಲಿದ್ದಳು. ಬಾಗಿಲಲ್ಲಿ ಪಾನ್ಸೆಯವರ ಗುಸುಗುಸು, ಕಾಕುವಿನ ಗಾಬರಿಯ ಮರಾಠಿ "ಹೋ ಕಾ? ಅರೇ ದೇವಾ!", ಆಮೇಲೆ ಬಾಗಿಲು ಧಡಾರನೆ ಹಾಕಿದ ಸದ್ದು. ಒಳಗೆ ಬಂದ ಕಾಕುವಿನ ಮುಖ ಬಿಳಿಚಿಕೊಂಡಿತ್ತು. ಪೂರ್ವಾಳ ಎರಡೂ ಕೈ ಹಿಡಿದು ಕಡಲೆಹಿಟ್ಟು ಹಾಕಿ ತಿಕ್ಕಿದರು. ಉಗುರು ಸಂದಿಯನ್ನೂ ಬಿಡಲಿಲ್ಲ. ಕೈ ಲಗ್ನದ ಹುಡುಗಿಯ ಕೈಯಾಯಿತು. ಹಂಡೆಯ ಮೇಲೆ ಹಳೆಯ ದುಪ್ಪಟಿ ಹೊಚ್ಚಿದರು. ಆಮೇಲೆ ಪೂರ್ವಾಳ ಹಣೆಗೆ ಕುಂಕುಮ ಹಚ್ಚಿ, ತೆಂಗಿನಕಾಯಿ, ಒಂದು ಕುಪ್ಪಸದ ಖಣ ಚೀಲಕ್ಕೆ ಹಾಕಿದರು.

"ಕಾಕು, ಕಾರ್ಡ್ ಬರದ ಕೊಡ್ರಿ. ಐದ ಆಗ್ಲಿಕ್ಕತ್ತು."

ಕಾಕು ಕಾರ್ಡನ್ನು ದೂರ ಹಿಡಿದು ನೋಡಿದರು. "ಇದನ್ನ ಯಾರ ಓದ್ತಾರ?"

"ಸಿಸ್ಟರ್ ಓದ್ತಾರ್ರಿ. ಫೈಲಿಗೆ ಹಾಕ್ತಾರ."

"ಫೈಲ್ ಸರಕಾರಕ್ಕ ಹೋಗ್ತದೇನು?"

"ಹೋಗಬಹುದ್ರಿ," ಎಂದಳು ಪೂರ್ವಾ, ತನ್ನ ಸೇವೆಯ ಘನತೆ ಹೆಚ್ಚಲಿ ಎಂದು.

ಕಾಕು ಚಷ್ಮಾ ಏರಿಸಿ, ದೇವರ ಮುಂದೆ ಕೂತು, ದುಂಡಗಿನ ಕನ್ನಡದಲ್ಲಿ ಹನ್ನೊಂದು ಸಾಲು ಬರೆದು ಸಹಿ ಹಾಕಿದರು. ಪೂರ್ವಾಳ ಎದೆ ತುಂಬಿ ಬಂತು. ಅದರಲ್ಲಿ ಏನು ಬರೆದಿದೆ ಎಂದು ಮಾತ್ರ ಅವಳಿಗೆ ತಿಳಿಯಲಿಲ್ಲ. ಪುಣೆಯಲ್ಲಿ ಹುಟ್ಟಿದ ಹುಡುಗಿ. ಮನೆಯ ಮಾತು ಕನ್ನಡ, ಬೀದಿಯ ಮಾತು ಮರಾಠಿ, ಪುಸ್ತಕದ್ದು ಇಂಗ್ಲಿಷು. ಕನ್ನಡ ಅಕ್ಷರ ಅವಳಿಗೆ ರಂಗೋಲಿ ಇದ್ದ ಹಾಗೆ. ಸ್ಕೂಟರಿನಲ್ಲಿ ಶಾಲೆಗೆ ಬಿಡಲು ಬಂದ ತಂದೆ ಕೇದಾರನದೂ ಅದೇ ಪಾಡು.

"ಇದು 'ಪೂ' ಇರಬೇಕು," ಎಂದು ಅವನು ಒಂದು ಅಕ್ಷರದ ಮೇಲೆ ಬೆರಳಿಟ್ಟ. "ಹನ್ನೊಂದ ಸಾಲು! ನನ್ನ ಲಗ್ನದಾಗ ಸೈತ ನನ್ನ ಯಾರೂ ಇಷ್ಟ ಹೊಗಳಿಲ್ಲ ನೋಡು."

"ಸಿಸ್ಟರಿಗೂ ಓದ್ಲಿಕ್ಕೆ ಬರಂಗಿಲ್ಲ, ಪಪ್ಪಾ. ಸಾಲು ಎಣಸ್ತಾರ, ಸೀಲ್ ಹೊಡಿತಾರ."

ಆರಕ್ಕೆ ಹತ್ತು ನಿಮಿಷ ಇರುವಾಗ ಪೂರ್ವಾ ಸಿಸ್ಟರ್ ಲವೀನಾ ಅವರ ಮೇಜಿನ ಮೇಲೆ ಕಾರ್ಡು ಇಟ್ಟಳು. ಸಿಸ್ಟರು ಸೀಲು ತೆಗೆದು ಶಾಯಿಗೆ ಒತ್ತಿದರು. ಕಾರ್ಡು ನೋಡಿದರು. ಸೀಲು ಕೈಯಲ್ಲೇ ಉಳಿಯಿತು, ಮುಖ ಅರಳಿತು.

"ಅಕ್ಷರ ಎಷ್ಟು ಚಂದ ಉಂಟು ಮಾರಾಯ್ತಿ! ಮೂಡಬಿದಿರೆ ಬಿಟ್ಟ ಮೇಲೆ ಇಂಥ ಕನ್ನಡ ನೋಡಿಯೇ ಇರಲಿಲ್ಲ ನಾನು."

ಪೂರ್ವಾ ಬಾಯಿ ತೆರೆದಳು. ಒಂಬತ್ತು ವರ್ಷದಿಂದ ಇಂಗ್ಲಿಷು, ಮರಾಠಿ ಬಿಟ್ಟು ಬೇರೆ ಮಾತಾಡದ ಸಿಸ್ಟರು ಕನ್ನಡದವರು! ಅವಳಿಗೆ ಕುಣಿಯುವಷ್ಟು ಸಂತೋಷವಾಯಿತು. ಹೊಗಳಿಕೆ ವ್ಯರ್ಥವಾಗಲಿಲ್ಲವಲ್ಲ! ಆದರೆ ಸಿಸ್ಟರು ಓದುತ್ತ ಹೋದಂತೆ ಅವರ ಹುಬ್ಬು ಗಂಟಾದವು. ಕೊನೆಗೆ ಗಟ್ಟಿಯಾಗಿ ಓದಿದರು:

"'ಶಾಲೆಯವರಿಗೂ ಸರಕಾರದವರಿಗೂ ಗೋದಾಬಾಯಿಯ ನಮಸ್ಕಾರಗಳು. ಕುಮಾರಿ ಪೂರ್ವಾ ಈ ದಿನ ನಮ್ಮ ಮನೆಗೆ ಊಟಕ್ಕೆ ಬಂದಿದ್ದಳು. ನಾನು ಆಕೆಯಿಂದ ಯಾವ ಕೆಲಸವನ್ನೂ ಮಾಡಿಸಿಲ್ಲ. ಆಕೆ ಕಸಬರಿಗೆ ಮುಟ್ಟಿಲ್ಲ. ಹಂಡೆಯನ್ನಂತೂ ಕಣ್ಣಿನಿಂದಲೂ ನೋಡಿಲ್ಲ. ನಾಲ್ಕು ತಾಸು ಕುಳಿತು, ಹೊಟ್ಟೆ ತುಂಬ ಉಂಡು, ಒಂದು ನಿದ್ದೆ ತೆಗೆದು ಹೋಗಿರುತ್ತಾಳೆ. ಇದು ಸತ್ಯ.'"

"ಸಿಸ್ಟರ್, ಅದು ಸುಳ್ಳ್ರಿ!" ಪೂರ್ವಾಳ ಕಣ್ಣಲ್ಲಿ ನೀರೇ ಬಂತು. ಪಾನ್ಸೆಯ ಗುಸುಗುಸು ಏನಿತ್ತೆಂದು ಅವಳಿಗೆ ಈಗ ಹೊಳೆಯಿತು. "ಬಾಲಮಜೂರಿ ಕೇಸ್ ಆಗ್ತದಂತ ಸೆಕ್ರೆಟರಿ ಅಂಜಿಸ್ಯಾರ್ರಿ. ನನ್ನ ಕೈ ನೋಡ್ರಿ ಬೇಕಾದ್ರ!"

ಸಿಸ್ಟರು ಕೈ ನೋಡಿದರು. ಇಡೀ ಶಾಲೆಯಲ್ಲಿ ಅಷ್ಟು ಶುಭ್ರವಾದ ಕೈ ಇನ್ನೊಂದಿರಲಿಲ್ಲ. ಚೀಲದಿಂದ ತೆಂಗಿನಕಾಯಿ ಇಣುಕುತ್ತಿತ್ತು.

ಆದರೂ ಅವರು ಕೆಟ್ಟವರಲ್ಲ. "ಅಳಬೇಡ. ಅಜ್ಜಿ ಬಾಯಲ್ಲಿ ಒಂದು ಮಾತು ಹೇಳಿದರೆ ಸಾಕು, ಈಗಲೇ ಸೀಲು ಹಾಕ್ತೇನೆ," ಎಂದು ಕಾರ್ಡಿನ ಮೇಲಿದ್ದ ನಂಬರಿಗೆ ಫೋನ್ ಹಚ್ಚಿ, ಸ್ಪೀಕರಿಗೆ ಹಾಕಿದರು. "ನಮಸ್ಕಾರ ಅಮ್ಮ, ಪೂರ್ವಾನ ಶಾಲೆಯಿಂದ ಮಾತಾಡುವುದು. ಹುಡುಗಿ ನಿಮ್ಮಲ್ಲಿ ಕೆಲಸ ಮಾಡಿದ್ದಾಳಾ ಅಂತ ಸ್ವಲ್ಪ ವಿಚಾರಣೆ ಮಾಡಲಿಕ್ಕಿತ್ತು."

ಆ ಕಡೆಯಿಂದ ಗೋದಾಕಾಕುವಿನ ದನಿ ಬಂತು.

"ವಿಚಾರಣಿ? ಮಾಡ್ರಿ, ಬರಕೊಳ್ರಿ! ದೇವರಾಣಿ ಹೇಳ್ತೀನಿ, ಕೂಸು ಒಂದು ಕಡ್ಡಿ ಸೈತ ಎತ್ತಿಲ್ಲ!"

"ಕಾಕು!" ಪೂರ್ವಾ ಫೋನಿನ ಮೇಲೆ ಬಗ್ಗಿ ಕೂಗಿದಳು. "ಖರೇ ಹೇಳ್ರಿ! ಹಂಡೆ ತಿಕ್ಕಿಲ್ಲೇನ್ರಿ ನಾ?"

"ಅಯ್ಯ ರಾಮಾ, ಕೂಸನ್ನ ಆಗಲೇ ಹಿಡಕೊಂಡ ಹೋಗೀರೇನು!" ಕಾಕುವಿನ ದನಿ ಇನ್ನೂ ಗಟ್ಟಿಯಾಯಿತು.

ಸಿಸ್ಟರು ಸೀಲಿನ ಶಾಯಿ ಒರೆಸಿ ಅದನ್ನು ಡ್ರಾಯರಿನಲ್ಲಿ ಇಟ್ಟರು. ಫೋನು ಇನ್ನೂ ಕೂಗುತ್ತಲೇ ಇತ್ತು.

"ಅಂಜಬ್ಯಾಡ ಪೂರ್ವಾ! ಅವರು ಏನ ಕೇಳಿದ್ರೂ ಕೆಲಸಾ ಮಾಡೀನಿ ಅಂತ ಒಪ್ಪಕೋಬ್ಯಾಡ! ನಾ ಬರ್ಲಿಕ್ಕತ್ತೀನಿ, ಪಾನ್ಸೆ ಅವರನ್ನೂ ಸಾಕ್ಷಿಗೆ ಕರಕೊಂಡ ಬರ್ತೀನಿ!"