ಭಾವನ ಹ್ಯಾಂಡೋವರ್

ನಮ್ಮ ಭಾವನಿಗೆ ಹುಚ್ಚು ಎಂದು ನಾನು ಹೇಳುವುದಿಲ್ಲ. ಹೇಳುವ ಅಗತ್ಯವೇ ಇಲ್ಲ. ಅವರು ಈರುಳ್ಳಿ ಹೆಚ್ಚುವುದನ್ನು ಒಮ್ಮೆ ನೋಡಿದರೆ ಸಾಕು! ಕಣ್ಣಿಗೆ ಸೇಫ್ಟಿ ಕನ್ನಡಕ, ಕೈಗೆ ಗ್ಲೌಸ್, ಕಾಲಿಗೆ ಬೂಟು. ಅರಬ್ ನಾಡಿನ ರಾಬಿಗ್‌ನ ತೈಲ ರಿಫೈನರಿಯಲ್ಲಿ ಆಪರೇಟರ್ ಆಗಿರುವ ಈ ಮನುಷ್ಯನಿಗೆ ಅಡುಗೆಮನೆಯೂ ಒಂದು ಪ್ಲಾಂಟೇ.

ಅಕ್ಕ ಅಲ್ಲಿಯೇ ಆಸ್ಪತ್ರೆಯಲ್ಲಿ ನರ್ಸ್. ಬಾಣಂತನದ ರಜೆ ಮುಗಿಯುತ್ತ ಬಂದಾಗ ಊರಿನಿಂದ ಅಮ್ಮನ ಫೋನು ಶುರುವಾಯಿತು: "ಕೆಲಸ ಬಿಟ್ಟು ಬಾ ಮಗಳೇ. ಗಂಡಸರು ಮಗು ನೋಡಿಕೊಳ್ಳುವುದುಂಟಾ?" ಅಕ್ಕನಿಗೆ ಕೆಲಸ ಬಿಡಲು ಮನಸ್ಸಿಲ್ಲ, ಮಗು ಬಿಟ್ಟು ಹೋಗಲು ಧೈರ್ಯವಿಲ್ಲ. ಭಾವ ಮಾತ್ರ, "ನಿನ್ನ ಶಿಫ್ಟ್ ಬೇರೆ, ನನ್ನದು ಬೇರೆ. ಹ್ಯಾಂಡೋವರ್ ಸರಿ ಇದ್ದರಾಯಿತು" ಎಂದರು.

ಹ್ಯಾಂಡೋವರ್ ಎಂದರೆ ಎಂತ? ಶಿಫ್ಟ್ ಮುಗಿಸಿ ಹೋಗುವವ ಬರುವವನಿಗೆ ಎಲ್ಲವನ್ನೂ ಬಾಯಿಬಿಟ್ಟು ಒಪ್ಪಿಸಬೇಕು. ಬರುವವ ಅದನ್ನು ತಿರುಗಿ ಹೇಳಬೇಕು. ಒಂದು ಶುಕ್ರವಾರ ಮೊಸರು ತರಲು ಕೆಳಗಿನ ಅಂಗಡಿಗೆ ಹೊರಟ ಭಾವ ಮಗುವನ್ನು ನನ್ನ ಕೈಗಿಟ್ಟರು.

"ಹಾಲು ಕುಡಿದಾಗಿದೆ, ತೇಗು ಬರಲಿಲ್ಲ, ಡಯಪರ್ ಹೊಸತು. ತಿರುಗಿ ಹೇಳು."

"ಹಾಲು ಕುಡಿದಾಗಿದೆ, ಡಯಪರ್ ಹೊಸತು."

"ತೇಗು?"

ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಈ ಬಿಸಿಲಿನಲ್ಲಿ ಏಸಿ ರಿಪೇರಿ ಮಾಡಿಯೇ ಊರಲ್ಲಿ ಮನೆ ಕಟ್ಟಿಸಿದವನು ನಾನು. ಅಂಥವನು ಮಗ್ಗಿ ಮರೆತ ಹುಡುಗನ ಹಾಗೆ ನಿಲ್ಲಬೇಕಾ, ಅದೂ ಒಂದು ತೇಗಿಗೆ? ನಾನು ಉತ್ತರ ಹುಡುಕುವುದರೊಳಗೆ ತೇಗೇ ಬಂತು, ಹಾಲಿನ ಸಮೇತ, ನನ್ನ ಹೊಸ ಶರ್ಟಿನ ಮೇಲೆ!

ಅವತ್ತು ಊಟಕ್ಕೆ ಬಂದಿದ್ದ ಗೆಳೆಯರೊಬ್ಬರು ಮೀನುಸಾರು ಚಪ್ಪರಿಸುತ್ತ, "ಪುಣ್ಯವಂತೆ ಮಾರಾಯ್ರೆ! ಗಂಡ ಇಷ್ಟು ಸಹಾಯ ಮಾಡ್ತಾರಲ್ಲ!" ಎಂದು ಅಕ್ಕನನ್ನು ಹೊಗಳಿದರು.

ಭಾವ ಸೌಟು ಕೆಳಗಿಟ್ಟರು. "ನಾಳೆ ನೀವು ಡ್ಯೂಟಿಗೆ ಹೋದರೆ ಕಂಪೆನಿಗೆ ಸಹಾಯ ಮಾಡಿದ ಹಾಗಾ ಮಾರಾಯ್ರೆ?"

ಪಾಪ, ಅವರು ಆಮೇಲೆ ಉಪ್ಪಿನಕಾಯಿ ಕೇಳಲಿಕ್ಕೂ ಹೆದರಿದರು.

ಕೊನೆಗೂ ಅಕ್ಕ ಡ್ಯೂಟಿಗೆ ಮರಳುವ ದಿನ ಬಂತು. ಬಿಟ್ಟು ಬರಲು ನಾನು ಕಾರು ತಂದಿದ್ದೆ. ಈರುಳ್ಳಿ ಹೆಚ್ಚುತ್ತಿದ್ದ ಭಾವ ಕನ್ನಡಕ ಸಮೇತ ಎದ್ದು ಬಂದು ಮಗುವನ್ನು ಎತ್ತಿಕೊಂಡರು. ಬಾಗಿಲಲ್ಲೇ ಹ್ಯಾಂಡೋವರ್: ಬಾಟಲಿ, ಡಯಪರ್, ಮುಗಿಯುತ್ತ ಬಂದ ಹಾಲಿನ ಪುಡಿ, ನಾಡಿದ್ದಿನ ಚುಚ್ಚುಮದ್ದು. ಭಾವ ಒಂದೊಂದನ್ನೂ ತಿರುಗಿ ಹೇಳಿದರು. ಆದರೂ ಅಕ್ಕನ ಕಾಲು ಹೊಸ್ತಿಲು ದಾಟಲಿಲ್ಲ.

"ಇನ್ನೆಂತ ಬಾಕಿ ಉಂಟು? ತಲೆಯಲ್ಲಿ ಇಟ್ಟುಕೊಂಡು ಹೋಗಬಾರದು. ಪ್ಲಾಂಟಿಗೆ ಬೆಂಕಿ ಬೀಳುವುದೇ ಹಾಗೆ."

"ಹೆದರಿಕೆ ಉಂಟು" ಎಂದಳು ಅಕ್ಕ. "ನಾನಿಲ್ಲದೆ ಅವಳು ಅತ್ತರೆ?"

ಭಾವ ನಗುತ್ತಾರೆ ಅಂದುಕೊಂಡೆ. ನಗಲಿಲ್ಲ. ಆ ಸೇಫ್ಟಿ ಕನ್ನಡಕವನ್ನು ಹಣೆಗೇರಿಸಿ, ಮಗುವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡರು.

"ನೀನಿಲ್ಲದೆ ಅವಳು ಅತ್ತರೆ ಎಂಬ ಹೆದರಿಕೆ" ಎಂದು ನಿಧಾನವಾಗಿ ತಿರುಗಿ ಹೇಳಿದರು. "ಸರಿ. ಇನ್ನು ಅದು ನನ್ನ ಶಿಫ್ಟಿನದು. ನೀನು ಹೊರಡು."

ಅಕ್ಕ ಹೊಸ್ತಿಲು ದಾಟಿದಳು.