ಮೂಲೆಯಲ್ಲಿ ಕೂತವರನ್ನು ಕೇಳಿ ಮನೆ ಕೊಂಡದ್ದು

“ಅಮ್ಮಾ, ನನ್ನನ್ನ ನಿಮ್ಮ ಮಗ ಅಂತಲೇ ತಿಳ್ಕೊಳ್ಳಿ. ಇಷ್ಟು ವರ್ಷದಲ್ಲಿ ನಾನು ಯಾರಿಗೂ ಮನೆ ಮಾರಿಲ್ಲ, ಜನಾನೂ ಮನೇನೂ ಸೇರಿಸಿದ್ದೀನಿ, ಅಷ್ಟೆ. ಈಗ ಈ ಮನೆ ನೋಡಿ. ಚಿಕ್ಕದು ಅಂತೀರಾ? ಚಿಕ್ಕದಲ್ಲ ಅಮ್ಮಾ, ಅಚ್ಚುಕಟ್ಟು. ಗುಡಿಸೋಕೆ ಅಂತ ಬಗ್ಗಿದ್ರೆ ಏಳೋವಷ್ಟರಲ್ಲಿ ಗುಡಿಸಿ ಮುಗಿದಿರುತ್ತೆ. ಕತ್ತಲೆ ಅಂತೀರಾ? ಕತ್ತಲೆಯಲ್ಲ, ತಂಪು. ಹೊರಗಡೆ ಮೋರಿ ಇದೆ ಅಂತೀರಾ? ಮೋರಿ ಅಂತ ಯಾಕೆ ನೋಡ್ತೀರಿ, ಹರಿಯೋ ನೀರು ಅಂತ ನೋಡಿ. ಹರಿಯೋ ನೀರಿನ ಪಕ್ಕ ಮನೆ ಬೇಕು ಅಂತ ದುಡ್ಡಿರೋರು ಎಲ್ಲೆಲ್ಲಿಗೋ ಹೋಗ್ತಾರೆ. ರೈಲು ಹೋದಾಗ ಗೋಡೆ ಅದುರುತ್ತೆ ಅಂತೀರಾ? ಅದುರಲಿ ಬಿಡಿ, ಹೊತ್ತೆಷ್ಟಾಯ್ತು ಅಂತ ಗೊತ್ತಾಗುತ್ತೆ, ಗಡಿಯಾರದ ಖರ್ಚು ಉಳೀತು. ಇನ್ನು ರೇಟು. ಈ ಊರಲ್ಲಿ ನೀವು ಹೇಳೋ ದುಡ್ಡಿಗೆ ಬರೀ ಬಾಗಿಲು ಬರುತ್ತೆ. ನಾನು ಬಾಗಿಲ ಹಿಂದೆ ಒಂದು ಮನೇನೂ ಇಟ್ಟು ಕೊಡಿಸ್ತಿದ್ದೀನಿ. ಹೂಂ ಅಂದುಬಿಡಿ!”

ಒಂದೇ ಉಸಿರಿಗೆ ಇಷ್ಟನ್ನೂ ಒಪ್ಪಿಸಿದವನು ನಮಗೆ ಮನೆ ತೋರಿಸುತ್ತಿದ್ದ ದಲ್ಲಾಳಿ. ನಾನು ಅವನಿಗೆ ಜೇನುಬಾಯಿ ಎಂದು ಹೆಸರಿಟ್ಟಿದ್ದೆ. (ಜೇನಿನ ಹಿಂದೆ ಕೊಂಡಿಯೂ ಇರುತ್ತದೆ ಎಂಬುದು ಆಗ ನನ್ನ ತಲೆಗೆ ಹೊಳೆದಿರಲಿಲ್ಲ.)

ನಮಗೆ ಮನೆ ಬೇಕಾಗಿತ್ತು. ‘ನಮಗೆ’ ಎನ್ನುವುದು ಮಗ ಸೊಸೆಯ ಮಾತು. ನನಗೆ ಬೇಕಾಗಿದ್ದದ್ದು ಒಂದು ಕೋಣೆ, ಅದಕ್ಕೊಂದು ಬಾಗಿಲು. ಬಾಡಿಗೆ ಮನೆಯಲ್ಲಿ ನನ್ನ ಹಾಸಿಗೆ ಹಾಲಿನಲ್ಲಿ, ಚಪ್ಪಲಿ ಸ್ಟ್ಯಾಂಡಿಗೂ ಫ್ರಿಜ್ಜಿಗೂ ನಡುವೆ. ಮಗ ನನ್ನನ್ನು ದಾಟಿ ಫ್ರಿಜ್ಜಿಗೆ ಹೋಗುತ್ತಿದ್ದ, ಸೊಸೆ ನನ್ನನ್ನು ದಾಟಿ ಚಪ್ಪಲಿಗೆ ಹೋಗುತ್ತಿದ್ದಳು. ರಸ್ತೆ ದಾಟುವಾಗಲಾದರೂ ಜನ ಎರಡೂ ಕಡೆ ನೋಡುತ್ತಾರೆ. ನನ್ನನ್ನು ದಾಟುವಾಗ ಅದೂ ಇಲ್ಲ. “ಸ್ವಂತ ಮನೆ ಆದಮೇಲೆ ನಿನಗೇ ಒಂದು ರೂಮು, ಅಮ್ಮ” ಎಂದು ಮಗ ಮಾತು ಕೊಟ್ಟಿದ್ದ. ಆ ರೂಮಿನ ಬಾಗಿಲು ಹಾಕಿಕೊಂಡು, ಯಾರೂ ಮಾತಾಡಿಸದ ಹಾಗೆ ಒಂದು ಮಧ್ಯಾಹ್ನ ಸುಮ್ಮನೆ ಮಲಗಬೇಕು ಎನ್ನುವುದೇ ನನ್ನ ಜೀವಮಾನದ ಆಸೆಯಾಗಿ ಉಳಿದಿತ್ತು.

ಹೀಗೆ ಪ್ರತಿ ಭಾನುವಾರ ನಮ್ಮ ಗೃಹಾನ್ವೇಷಣಾ ದಂಡಯಾತ್ರೆ ಹೊರಡುತ್ತಿತ್ತು. ಮಗ ಲಿಫ್ಟ್ ರಿಪೇರಿಯವನು. ಯಾವ ಕಟ್ಟಡಕ್ಕೆ ಹೋದರೂ ಮೊದಲು ಮೇಲೆ ಹತ್ತಿ ಲಿಫ್ಟಿನ ಮೋಟಾರ್ ನೋಡಬೇಕು ಅವನಿಗೆ. ಕೈಗೆಲ್ಲ ಗ್ರೀಸ್ ಮಾಡಿಕೊಂಡು ಇಳಿದು ಬರುವ ಹೊತ್ತಿಗೆ ನಾವು ಮನೆ ನೋಡಿ ಮುಗಿಸಿರುತ್ತಿದ್ದೆವು.

“ಹೇಗಿದೆ ರೀ?” ಎಂದು ಸೊಸೆ ಕೇಳಿದರೆ, “ಮೋಟಾರ್ ಚೆನ್ನಾಗಿದೆ ಕಣೆ” ಎನ್ನುತ್ತಿದ್ದ.

“ಮೋಟಾರಿನೊಳಗೆ ಸಂಸಾರ ಮಾಡೋಣವಾ?”

ಔಷಧಿ ಅಂಗಡಿಯಲ್ಲಿ ಬಿಲ್ಲು ಹಾಕುವ ಸೊಸೆಗೆ ಇದ್ದ ಚಿಂತೆ ಒಂದೇ, ಅವಳ ಕಬ್ಬಿಣದ ಬೀರು. ತವರಿನಿಂದ ಬಂದದ್ದು. ಟೇಪು ಹಿಡಿದು ಗೋಡೆಗೋಡೆಯನ್ನೂ ಅಳೆಯುತ್ತಿದ್ದಳು. ಒಂದು ಕಡೆ ಮೂರು ಕೋಣೆ ಎಂದು ಜಾಹೀರಾತು ಕೊಟ್ಟಿದ್ದರು. ಮೂರನೆಯದರಲ್ಲಿ ಬೀರು ಇಟ್ಟರೆ ಬೀರುವಿನ ಬಾಗಿಲು ತೆರೆಯಲು ಪಕ್ಕದ ಮನೆಯವರ ಒಪ್ಪಿಗೆ ಬೇಕು, ಅಷ್ಟು ವಿಶಾಲ.

ಇಬ್ಬರೂ ಹೀಗೆ ತಿರುಗುವಾಗ, ಮೊಣಕಾಲು ನೋವಿನವಳಾದ ನಾನು ಎಲ್ಲಾದರೂ ಕೂರಬೇಕಲ್ಲ? ಆಗ ಕಂಡುಕೊಂಡದ್ದು ಈ ವಿದ್ಯೆ. ಮಾರಾಟಕ್ಕಿರುವ ಪ್ರತಿ ಮನೆಯಲ್ಲೂ ಒಂದು ಮೂಲೆ, ಆ ಮೂಲೆಯಲ್ಲಿ ಒಬ್ಬರು ವಯಸ್ಸಾದವರು ಇದ್ದೇ ಇರುತ್ತಾರೆ. ಅವರನ್ನು ಯಾರೂ ಮಾತಾಡಿಸುವುದಿಲ್ಲ. ಪಕ್ಕದಲ್ಲಿ ಕೂತು “ಹೂಂ, ಆಮೇಲೆ?” ಎಂದರೆ ಸಾಕು. ದಲ್ಲಾಳಿ ತೋರಿಸುವುದು ಮನೆಯ ಮುಖ, ಮೂಲೆಯವರು ತೋರಿಸುವುದು ಮನೆಯ ಹೊಟ್ಟೆ. ಮೋರಿ ಪಕ್ಕದ ಮನೆಯ ಅಜ್ಜ, “ನೀರು ಮೋರಿಯಿಂದ ಮಾತ್ರ ಬರುತ್ತಮ್ಮ, ನಲ್ಲೀಲಿ ಬರಲ್ಲ” ಎಂದು ಒಂದೇ ಮಾತಿನಲ್ಲಿ ನಮ್ಮನ್ನು ಕಾಪಾಡಿದ. ಇನ್ನೊಂದು ಮನೆಯ ಅಜ್ಜಿ, ಗೋಡೆಯ ಮೇಲಿನ ದೊಡ್ಡ ಚಿತ್ರಪಟ ಅಂದಕ್ಕಲ್ಲ, ಬಿರುಕಿಗೆ ಎಂದು ಕಿವಿಯಲ್ಲಿ ಹೇಳಿದಳು.

ಮನೆಯಲ್ಲಿ ನನ್ನ ಮರ್ಯಾದೆ ಏರಿತು. ನಾನು ಗೂಢಚಾರ ಇಲಾಖೆಯ ಮುಖ್ಯಸ್ಥೆಯಾದೆ. “ಅತ್ತೆ ಹೂಂ ಅಂದ್ರೆ ಮಾತ್ರ ಮುಂದಿನ ಮಾತು” ಎಂದು ಸೊಸೆಯೇ ಹೇಳತೊಡಗಿದಳು. ಆ ಮಾತು ಕೇಳಿದಾಗಲೆಲ್ಲ ನನ್ನ ಕತ್ತು ಒಂದು ಗೇಣು ಉದ್ದವಾಗುತ್ತಿತ್ತು. ಜೇನುಬಾಯಿಗೆ ಮಾತ್ರ ನನ್ನನ್ನು ಕಂಡರೆ ನಡುಕ. “ಅಮ್ಮ ಕಾರಲ್ಲೇ ಕೂತಿರಲಿ, ಎಸಿ ಹಾಕಿಟ್ಟಿರ್ತೀನಿ, ಹಾಡು ಹಾಕ್ತೀನಿ” ಎಂದು ಗೋಗರೆಯುತ್ತಿದ್ದ. ನಾನು ಇಳಿದೇ ಇಳಿಯುತ್ತಿದ್ದೆ.

ಅಂಥವನು ಒಂದು ಭಾನುವಾರ ತಾನೇ ಕಾರಿನ ಬಾಗಿಲು ತೆಗೆದು, ಕೈಹಿಡಿದು ಇಳಿಸಿ, “ಬನ್ನಿ ಅಮ್ಮಾ, ನೀವೇ ಮೊದಲು” ಎಂದ. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಮನೆ ಮೂರನೇ ಮಹಡಿಯಲ್ಲಿತ್ತು. ಬೆಳಕು, ಗಾಳಿ, ಎರಡು ಕೋಣೆ, ಬಟ್ಟೆ ಒಣಗಿಸಲು ಬಾಲ್ಕನಿ. ಬೀರುವಿಗೆ ಗೋಡೆ ಸಿಕ್ಕಿತು, ಮೋಟಾರೂ ಚೆನ್ನಾಗಿತ್ತಂತೆ. ರೇಟು ಮಾತ್ರ ನಮ್ಮ ಕೈಗೆ ಎಟುಕುವುದಕ್ಕಿಂತ ಒಂದು ಮೊಳ ಮೇಲೆ. ಚಿಕ್ಕ ಕೋಣೆಯ ಕಿಟಕಿಗೆ ಅಂಟಿಕೊಂಡ ಹಾಗೆ ನನ್ನದೇ ವಯಸ್ಸಿನ ಒಬ್ಬಾಕೆ ಕೂತಿದ್ದಳು. ಮನೆಯ ಯಜಮಾನನ ಸೋದರತ್ತೆ. ನಾನು ಮನಸ್ಸಿನಲ್ಲೇ ಕಿಟಕಿಯಮ್ಮ ಎಂದು ಕರೆದುಕೊಂಡೆ. ಜೇನುಬಾಯಿ ತಾನೇ ಒಂದು ಕುರ್ಚಿ ಎತ್ತಿ ತಂದು ಆಕೆಯ ಪಕ್ಕ ಹಾಕಿ, ಅದರ ಮೇಲಿನ ಧೂಳನ್ನು ತನ್ನ ಕರ್ಚೀಫಿನಲ್ಲಿ ಒರೆಸಿದ.

“ನೀರು ಹೇಗೆ ಬರುತ್ತೆ ಇಲ್ಲಿ?” ಎಂದು ನಾನು ಕೆಲಸ ಶುರು ಮಾಡಿದೆ.

“ನೀರಾ? ಧಾರಾಳ. ನೀರು ಅಂದಾಗ ನೆನಪಾಯ್ತು ನೋಡಿ, ನನ್ನ ತಂಗಿ ಮದುವೇಲಿ ನೀರಿನ ಡ್ರಮ್ಮು ಉರುಳಿಬಿಡ್ತು. ಬೀಗರ ಚಪ್ಪಲಿ ಎಲ್ಲ ತೇಲ್ಕೊಂಡು ಹೋಯ್ತು...”

“ಹೂಂ, ಆಮೇಲೆ? ಅಕ್ಕಪಕ್ಕದವರು ಹೇಗೆ?”

“ಒಳ್ಳೆಯವರು. ಎದುರುಗಡೆ ಡಾಕ್ಟ್ರು ನೋಡಿ, ಬೆಳಿಗ್ಗೆ ತೂಕ ಇಳಿಸೋಕೆ ಓಡ್ತಾನೆ, ಓಡಿ ಓಡಿ ಸೀದಾ ಬೇಕರಿ ಮುಂದೆ ನಿಲ್ತಾನೆ. ನನ್ನ ತಂಗಿ ಗಂಡಾನೂ ಹಾಗೇ...”

ಏನು ಕೇಳಿದರೂ ಮಾತು ಸುತ್ತಿ ಬಳಸಿ ಅದೇ ತಂಗಿಯ ಮದುವೆಗೆ ಹೋಗಿ ನಿಲ್ಲುತ್ತಿತ್ತು. ನಾನು ತಾಳ್ಮೆಯಿಂದ ಹೂಂ ಹೂಂ ಎನ್ನುತ್ತಾ, ಬೇಕಾದ್ದನ್ನು ಮಾತ್ರ ಹೆಕ್ಕಿಕೊಂಡೆ. ಯಜಮಾನನಿಗೆ ಬೇರೆ ಊರಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದೆ, ಕ್ವಾರ್ಟರ್ಸ್ ಕೊಟ್ಟಿದ್ದಾರೆ, ಬೇಗ ಹೊರಡಬೇಕು, ಬಂದ ಗಿರಾಕಿಗಳೆಲ್ಲ ವಾಪಸು ಹೋಗಿದ್ದಾರೆ. ಇಷ್ಟು ಸಿಕ್ಕಿದರೆ ಸಾಲದೇ! ನಡುನಡುವೆ ಆಕೆಯೂ ನನ್ನನ್ನು ಏನೇನೋ ಕೇಳಿದಳು.

“ಕಿವಿ ಚೆನ್ನಾಗಿ ಕೇಳುತ್ತಾ ನಿಮಗೆ?”

“ಸೂಜಿ ಬಿದ್ರೂ ಕೇಳುತ್ತೆ.”

“ಮಧ್ಯಾಹ್ನ ನಿದ್ದೆ ಅಭ್ಯಾಸ ಉಂಟಾ?”

“ಎಲ್ಲಿ ಬಿಡ್ತಾರೆ?”

“ಗೊರಕೆ?”

“ಇಲ್ಲಪ್ಪ.”

ಎಷ್ಟು ಅಕ್ಕರೆ ಎಂದುಕೊಂಡೆ. ಅದು ಸಂದರ್ಶನ ಎಂದು ಯಾರಿಗೆ ಗೊತ್ತು!

ನಾನು ಹಾಲಿಗೆ ಬಂದು, ಸೊಸೆಗೆ ಕಣ್ಣಲ್ಲೇ ‘ಇಳಿಸು’ ಎಂದೆ. ಅವಳು ಗಂಡನ ಕಾಲು ತುಳಿದಳು. ಮಗ ರೇಟು ಇಳಿಸಿ ಕೇಳಿದ. ಯಜಮಾನ ಒಳಗೆ ಹೋಗಿ ಕಿಟಕಿಯ ಕಡೆ ನೋಡಿ ಬಂದು, “ಆಗಲಿ” ಎಂದ. ಸೊಸೆ ಮತ್ತೆ ತುಳಿದಳು. ಮಗ ಇನ್ನೂ ಇಳಿಸಿದ. ಯಜಮಾನ ಮತ್ತೆ ಒಳಗೆ ಹೋಗಿ ಬಂದು, “ಅದೂ ಆಗಲಿ” ಎಂದ. ಕೇಳಿದ ಕೂಡಲೇ ಒಪ್ಪಿದರೆ ಕೊಳ್ಳುವವರಿಗೆ ಖುಷಿಯಾಗುವುದಿಲ್ಲ, ಹೊಟ್ಟೆ ಉರಿಯುತ್ತದೆ. ಛೇ, ಇನ್ನೂ ಕೇಳಬಹುದಿತ್ತಲ್ಲ ಎಂದು ಸೊಸೆ ನನ್ನ ಮುಖ ನೋಡಿದಳು.

ಆಗ ಯಜಮಾನ ಗಂಟಲು ಸರಿಮಾಡಿಕೊಂಡ. “ಒಂದೇ ಒಂದು ಸಣ್ಣ ವಿಷಯ. ಅತ್ತೆ ಇಲ್ಲೇ ಇರ್ತಾರೆ. ಆ ರೂಮಲ್ಲಿ.”

“ಎಲ್ಲೀವರೆಗೆ?” ಎಂದ ಮಗ.

ಯಜಮಾನ ಫ್ಯಾನು ನೋಡಿದ. “ಇರೋವರೆಗೆ.”

ಮನೆಯಲ್ಲಿ ಅರ್ಧ ಭಾಗ ಆಕೆಯದಂತೆ. ತನ್ನ ಭಾಗದ ದುಡ್ಡನ್ನು ಹೆಚ್ಚುಕಡಿಮೆ ಪೂರ್ತಿ ಬಿಟ್ಟುಕೊಡುತ್ತಾಳಂತೆ. ಕಿಟಕಿ ಮಾತ್ರ ಬಿಟ್ಟುಕೊಡುವುದಿಲ್ಲವಂತೆ. ಹೇಳುವಾಗ ಯಜಮಾನ ಮುಖವನ್ನು ಎಷ್ಟು ಬಾಡಿಸಿಕೊಂಡನೆಂದರೆ, ಕ್ವಾರ್ಟರ್ಸಿಗೆ ಅತ್ತೆ ಬರುವುದಿಲ್ಲ ಎನ್ನುವ ಸಂತೋಷ ಅವನಿಗೆ ಎಷ್ಟಿರಬಹುದು ಎಂದು ನನಗೆ ಅಂದಾಜಾಯಿತು.

ನಾವು ಮೂವರೂ ಹೊರಗೆ ಮೆಟ್ಟಿಲ ಮೇಲೆ ಬಂದು ನಿಂತೆವು.

“ಬೇಡ ಬಿಡಮ್ಮ, ಬೇರೆ ನೋಡೋಣ” ಎಂದ ಮಗ.

“ಬೇರೆ ಎಲ್ಲಿ ನೋಡ್ತೀರಿ? ಮೋರಿ ಮನೆನಾ, ಬಿರುಕಿನ ಮನೆನಾ?” ಎಂದು ಸೊಸೆ ಸಿಡುಕಿದಳು. “ಈ ಊರಲ್ಲಿ ಖಾಲಿ ಮನೆ ಕೊಳ್ಳೋದು ದುಡ್ಡಿರೋರು. ನಮ್ಮಂಥವರಿಗೆ ಜನ ತುಂಬಿರೋ ಮನೇನೇ. ಆದರೆ ರೂಮು ನಮ್ಮ ಅತ್ತೇದು. ಅವರು ಏನಂತಾರೋ ಹಾಗೆ.”

ಇಬ್ಬರೂ ನನ್ನ ಬಾಯನ್ನೇ ನೋಡುತ್ತಾ ನಿಂತರು. ಮಗನ ಕೈಯಲ್ಲಿ ಗ್ರೀಸು, ಸೊಸೆಯ ಕೈಯಲ್ಲಿ ಟೇಪು. ಅವಳು ಆಗಲೇ ಬೀರುವಿನ ಜಾಗಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿಬಿಟ್ಟಿದ್ದನ್ನು ನಾನು ನೋಡಿದ್ದೆ. ಬೇಡ ಎನ್ನಲು ನಾಲಿಗೆ ಬರಲಿಲ್ಲ. ಜೊತೆಗೆ ಜಂಬ ಬೇರೆ. ‘ಒಬ್ಬಳು ಮುದುಕಿ ಎಷ್ಟು ಅಂತ ಮಾತಾಡಿಯಾಳು? ನಾನು ಎಂಥೆಂಥವರನ್ನು ಕೇಳಿ ಜೀರ್ಣಿಸಿಕೊಂಡಿಲ್ಲ? ಇಂದಲ್ಲ ನಾಳೆ ಸರಕು ಮುಗಿಯಲೇಬೇಕು.’ ಹೀಗೆಂದುಕೊಂಡು, “ಹೂಂ” ಎಂದೆ.

ಕೆಳಗೆ ಇಳಿದಾಗ ಜೇನುಬಾಯಿ ನನ್ನ ಕಾಲಿಗೆ ಬೀಳುವುದೊಂದು ಬಾಕಿ.

“ಎಷ್ಟು ತಿಂಗಳಿಂದ ಹುಡುಕ್ತಿದ್ದೆ ಗೊತ್ತಾ ಅಮ್ಮಾ! ಮನೆಗೆ ಗಿರಾಕಿ ಯಾವತ್ತೂ ಸಿಗ್ತಾರೆ. ಅತ್ತೆಗೆ ಗಿರಾಕಿ ಸಿಗೋದೇ ಕಷ್ಟವಾಗಿತ್ತು. ಹಿಂದೆ ಬಂದ ಮೇಡಂ ಮಾತಿನ ಮಧ್ಯೆ ಫೋನ್ ನೋಡಿದರು ಅಂತ, ಅವರಿಗೆ ಕೊಡಬೇಡ ಅಂದುಬಿಟ್ಟರು ಆ ಅತ್ತೆ. ಮೂಲೆಯಲ್ಲಿ ಕೂತು ಕೇಳೋ ನಿಮ್ಮನ್ನ ನೋಡಿದ ದಿನವೇ ನಾನು ತೀರ್ಮಾನ ಮಾಡಿದ್ದೆ.”

ನನ್ನಿಂದಾಗಿ ಕೈತಪ್ಪಿದ ಅಷ್ಟೂ ಮನೆಗಳ ದಲ್ಲಾಳಿ ಹಣವನ್ನು ಅವನು ಒಂದೇ ಮನೆಯಲ್ಲಿ ವಸೂಲಿ ಮಾಡಿಕೊಂಡಿದ್ದ.

ಈಗ ಆ ಕೋಣೆಯಲ್ಲಿ ಎರಡು ಮಂಚ. ನಾನು ಕಣ್ಣು ಬಿಡುವ ಮೊದಲೇ ತಂಗಿಯ ಮದುವೆಯ ಓಲಗ ಶುರುವಾಗಿರುತ್ತದೆ. ಬೀಗರು ಬರುತ್ತಾರೆ, ಡ್ರಮ್ಮು ಉರುಳುತ್ತದೆ, ಚಪ್ಪಲಿ ತೇಲುತ್ತದೆ. ಆ ಮದುವೆ ಇನ್ನೂ ಊಟದವರೆಗೆ ಬಂದಿಲ್ಲ. ಬಾಗಿಲ ಆಚೆ ಮಗ ಸೊಸೆ ಹಾಯಾಗಿ ಟಿವಿ ನೋಡುತ್ತಾರೆ. ಗದ್ದಲವಾಗುತ್ತದೆ ಎಂದು ಬಾಗಿಲು ಎಳೆದುಕೊಳ್ಳುವವರೂ ಅವರೇ.

ಮನೆಗೆ ನಾವು ಮೂವರೂ ಕಂತು ಕಟ್ಟುತ್ತಿದ್ದೇವೆ. ಅವರಿಬ್ಬರು ಬ್ಯಾಂಕಿಗೆ ದುಡ್ಡಿನಲ್ಲಿ, ನಾನು ಕಿಟಕಿಯಮ್ಮನಿಗೆ ಕಿವಿಯಲ್ಲಿ. ಅವರ ಕಂತು ಎಂದಾದರೊಂದು ದಿನ ತೀರೀತು.

ಹೋದ ವಾರ ಮೆಲ್ಲಗೆ ಸೊಸೆಯನ್ನು ಕೇಳಿದೆ: “ನಾನು ಹಾಲಿನಲ್ಲೇ ಮಲಗಲಾ?”

“ಅಲ್ಲಿ ಸೋಫಾ ಬಂತಲ್ಲ ಅತ್ತೆ” ಎಂದಳು. ಆಮೇಲೆ ದನಿ ತಗ್ಗಿಸಿ, “ಅವರು ಮನಸ್ಸು ಬದಲಾಯಿಸಿ ತಮ್ಮ ಭಾಗದ ದುಡ್ಡು ಕೇಳಿದ್ರೆ ಏನು ಗತಿ? ಸ್ವಲ್ಪ ಚೆನ್ನಾಗಿ ಹೂಂ ಅನ್ನಿ” ಎಂದು ಬುದ್ಧಿ ಹೇಳಿದಳು.

ಇವತ್ತು ಬೆಳಿಗ್ಗೆ ದೊಡ್ಡ ಹೊದಿಕೆ ಒಗೆದೆ. ಹಿಂಡಲು ಒಬ್ಬಳ ಕೈ ಸಾಲದು. ಬಾಲ್ಕನಿಯಿಂದ ಇಣುಕಿ ಸೊಸೆಯನ್ನು ಕರೆಯಬೇಕು ಎನ್ನುವಷ್ಟರಲ್ಲಿ, “ಇತ್ತ ಕೊಡೇ, ನಾನು ಹಿಡೀತೀನಿ” ಎಂದು ಕಿಟಕಿಯಮ್ಮ ಬಂದೇಬಿಟ್ಟಳು.

“ನಮ್ಮ ಊರಲ್ಲೂ ಹೀಗೇ ಒಂದು...” ಎಂದು ನಾನು ಎಷ್ಟೋ ದಿನದ ಮೇಲೆ ಒಂದು ಮಾತು ಶುರು ಮಾಡಿದೆ.

“ಇರು ಇರು, ಮಧ್ಯೆ ಬಾಯಿ ಹಾಕಬೇಡ, ಮರೆತುಹೋಗುತ್ತೆ. ಅಷ್ಟರಲ್ಲಿ ಬೀಗರ ದೊಡ್ಡಪ್ಪ ಬಂದ ನೋಡು...”

“ಹೂಂ, ಆಮೇಲೆ?” ಎಂದೆ. ಒಂದು ತುದಿ ಆಕೆಯ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಆಕೆ ಬಲಕ್ಕೆ ತಿರುಚಿದಳು, ನಾನು ಎಡಕ್ಕೆ ತಿರುಚಿದೆ. ನೀರು ಬಕೆಟ್ಟಿಗೆ ಸುರಿಯಿತು.